ಜಾಂಡೀಸ್ ಅಂತ ಬರೆಸಿಕೊಂಡು ಬನ್ನಿ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ, ಇಲಾಖೆಯ ಅಧಿಕಾರಿಗಳಿಗೆ, ಮತ್ತು ನನ್ನ ಹಾಗೆ ಸೀಮೆಸುಣ್ಣದ ಪುಡಿ ಕುಡಿದು ಬದುಕಿದ ಎಲ್ಲ ಮೇಷ್ಟ್ರು, ಮೇಡಮ್ಮುಗಳಿಗೆ,

ನಮಸ್ಕಾರ.

ನಾನು ತುಮಕೂರು ಜಿಲ್ಲೆಯವನು. ಮೂವತ್ತೊಂದು ವರ್ಷ ಸರ್ಕಾರಿ ಹೈಸ್ಕೂಲುಗಳಲ್ಲಿ ಗಣಿತ ಪಾಠ ಮಾಡಿ 2025ರ ಮೇ ತಿಂಗಳಲ್ಲಿ ನಿವೃತ್ತನಾದೆ. ನೌಕರಿಯಲ್ಲಿ ಇದ್ದಾಗ ಈ ಪತ್ರ ಬರೆಯುವ ಧೈರ್ಯ ಇರಲಿಲ್ಲ. ನಡತೆ ನಿಯಮ ಅದು ಇದು ಅಂತ ಒಂದು ನೆಪವೂ ಇತ್ತು. ಈಗ ಪಿಂಚಣಿ ಬರುತ್ತಿದೆ, ನೆಪ ಮುಗಿದಿದೆ.

ಮೊನ್ನೆ ಬೀರು ಖಾಲಿ ಮಾಡುವಾಗ ಸೇವಾ ಪುಸ್ತಕದ ಜೆರಾಕ್ಸುಗಳ ನಡುವೆ ಒಂದು ಮೆಡಿಕಲ್ ಸರ್ಟಿಫಿಕೇಟ್ ಸಿಕ್ಕಿತು. 2018ರ ಸೆಪ್ಟೆಂಬರ್ ತಿಂಗಳದು. ನನ್ನ ಮಗನಿಗೆ ಜಾಂಡೀಸ್ ಆಗಿದೆ, ಆರು ವಾರ ವಿಶ್ರಾಂತಿ ಬೇಕು ಅಂತ ಅದರಲ್ಲಿ ಬರೆದಿದೆ, ಸೀಲು ಇದೆ, ಸಹಿ ಇದೆ. ನನ್ನ ಮಗನಿಗೆ ಹುಟ್ಟಿದಾಗಿನಿಂದ ಇವತ್ತಿನವರೆಗೂ ಜಾಂಡೀಸ್ ಆಗಿಲ್ಲ.

ಅವನಿಗೆ ಆಗಿದ್ದು ಖಿನ್ನತೆ. ಆ ಸುಳ್ಳು ಕಾಗದ ಹೇಗೆ ನಮ್ಮ ಮನೆಗೆ ಬಂತು ಅಂತ ಹೇಳುತ್ತೇನೆ.

ಅವನು ನಮಗೆ ತಡವಾಗಿ ಹುಟ್ಟಿದವನು, ಅಕ್ಕನಿಗೂ ಅವನಿಗೂ ಹತ್ತು ವರ್ಷ ಅಂತರ. ಊರಿನ ಒಂದು ಖಾಸಗಿ ಶಾಲೆಯಲ್ಲಿ ಓದುತ್ತಿದ್ದ. (ಸರ್ಕಾರಿ ಮೇಷ್ಟ್ರ ಮಗ ಖಾಸಗಿ ಶಾಲೆಯಲ್ಲಾ ಅಂತ ನೀವು ಬೈದರೆ ಬೈಸಿಕೊಳ್ಳುತ್ತೇನೆ, ಅದಕ್ಕೆ ಇನ್ನೊಂದು ಪತ್ರ ಬೇಕಾಗುತ್ತೆ.) ಒಂಬತ್ತನೇ ಕ್ಲಾಸಿನಲ್ಲಿ, 2017ರ ಡಿಸೆಂಬರ್ ಹೊತ್ತಿಗೆ, ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆನೋವು ಅನ್ನುವುದಕ್ಕೆ ಶುರು ಮಾಡಿದ. ಸೋಮವಾರ ಜಾಸ್ತಿ. ಭಾನುವಾರ ಇರುತ್ತಿರಲಿಲ್ಲ. ಇಂಥ ಹೊಟ್ಟೆನೋವುಗಳನ್ನು ನಾನು ನನ್ನ ಕ್ಲಾಸಿನಲ್ಲಿ ವರ್ಷಕ್ಕೆ ಐವತ್ತು ನೋಡಿದವನು, ಹೋಂವರ್ಕ್ ಮಾಡಿಲ್ಲ ಅಷ್ಟೇ ಅಂದೆ. ಹೆಂಡತಿ ಕೇಳಲಿಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಗ್ಯಾಸ್ಟ್ರಿಕ್ ಮಾತ್ರೆ, ಜಂತುಹುಳದ ಮಾತ್ರೆ, ಕೊನೆಗೆ ಸ್ಕ್ಯಾನಿಂಗ್. ಎಲ್ಲ ನಾರ್ಮಲ್. ನಾನು ಹೇಳಿದ್ದೇ ಸರಿಯಾಯಿತಲ್ಲ ಅಂತ ನನಗೆ ಒಳಗೊಳಗೆ ಖುಷಿ.

ಆಮೇಲೆ ಸಿಡುಕು ಬಂತು. ಊಟಕ್ಕೆ ಕರೆದರೆ ಬಾಗಿಲು ಧಡಾರ್ ಅಂತ ಹಾಕುವುದು, ಅಕ್ಕ ಫೋನ್ ಮಾಡಿದರೆ ಮಾತಾಡದೆ ಇರುವುದು, ಸ್ನಾನಕ್ಕೆ ಹತ್ತು ಸಲ ಹೇಳಿಸಿಕೊಳ್ಳುವುದು. ಗಣಿತದಲ್ಲಿ ಎಂಬತ್ತರ ಮೇಲೆ ತೆಗೆಯುತ್ತಿದ್ದವನಿಗೆ 31 ಬಂತು. ಗಣಿತ ಮೇಷ್ಟ್ರ ಮಗನಿಗೆ ಗಣಿತದಲ್ಲಿ 31, ಸ್ಟಾಫ್ ರೂಮಿನಲ್ಲಿ ನಾನು ಹೇಗೆ ಮುಖ ತೋರಿಸಲಿ ಅನ್ನುವುದೇ ನನ್ನ ಚಿಂತೆ. ಪ್ರೋಗ್ರೆಸ್ ಕಾರ್ಡಿನಲ್ಲಿ ಅವನ ಕ್ಲಾಸ್ ಟೀಚರ್ ಬರೆದಿದ್ದರು: "ಅಹಂಕಾರ ಬಿಟ್ಟರೆ ಮುಂದೆ ಬರಬಹುದು." ನಾನು ಸಹಿ ಹಾಕಿದೆ. ಸಹಿ ಹಾಕಿ, ಕೆನ್ನೆಗೆ ಒಂದು ಬಿಟ್ಟೆ. ಅವನು ಅಳಲಿಲ್ಲ, ತಿರುಗಿ ಮಾತಾಡಲೂ ಇಲ್ಲ, ಸುಮ್ನೆ ನೋಡಿದ. ಆ ನೋಟವನ್ನೂ ನಾನು ಸೊಕ್ಕು ಅಂತಲೇ ಓದಿದೆ.

ಸೊಕ್ಕು, ಕೊಬ್ಬು, ಮೈಗಳ್ಳತನ, ಮೊಬೈಲ್ ಹುಚ್ಚು. ನಮ್ಮ ಸ್ಟಾಫ್ ರೂಮುಗಳಲ್ಲಿ ಓಡಾಡುವ ಪದಗಳು ಇವೇ ಅಲ್ವಾ? ಮೂವತ್ತೊಂದು ವರ್ಷದಲ್ಲಿ ಒಬ್ಬ ಮೇಷ್ಟ್ರಾಗಲಿ, ನಾನಾಗಲಿ, ಒಂದು ಮಗುವಿನ ಬಗ್ಗೆ "ಇವನಿಗೆ ಖಿನ್ನತೆ ಇರಬಹುದೇನೋ" ಅಂದದ್ದು ನನಗೆ ನೆನಪಿಲ್ಲ. ಖಿನ್ನತೆ ಅಂದರೆ ಮೂಲೆಯಲ್ಲಿ ಕೂತು ಕಣ್ಣೀರು ಹಾಕುವುದು ಅಂತ ನಾವು ತಿಳಿದುಕೊಂಡಿದ್ದೇವೆ. ದೊಡ್ಡವರಲ್ಲಿ ಹಾಗೆ ಇರಬಹುದು. ಮಕ್ಕಳಲ್ಲಿ, ಹದಿಹರೆಯದವರಲ್ಲಿ, ದುಃಖದ ಜಾಗದಲ್ಲಿ ಸಿಡುಕೇ ಬರಬಹುದು ಅಂತ ವೈದ್ಯರು ರೋಗ ಗುರುತಿಸುವ ಪಟ್ಟಿಯಲ್ಲೇ ಇದೆಯಂತೆ. ಹೊಟ್ಟೆನೋವು, ತಲೆನೋವು ಬರುತ್ತೆ, ಅದು ನಾಟಕ ಅಲ್ಲ, ನಿಜವಾಗಲೂ ನೋಯುತ್ತೆ. ಬೆಳೆಯುವ ವಯಸ್ಸಿನಲ್ಲಿ ತೂಕ ಏರಬೇಕಾದಷ್ಟು ಏರುವುದಿಲ್ಲ. ನಿದ್ದೆ ಕೆಡುತ್ತೆ, ಇಲ್ಲವೇ ನಿದ್ದೆಯೇ ಜಾಸ್ತಿಯಾಗುತ್ತೆ. ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಮಾರ್ಕ್ಸ್ ಬೀಳುತ್ತೆ. ನಾವು ಮಾರ್ಕ್ಸಿನಿಂದ ಹಿಂದಕ್ಕೆ ಲೆಕ್ಕ ಮಾಡಿ, ಸೋಮಾರಿ ಅನ್ನುವ ಉತ್ತರ ತೆಗೆಯುತ್ತೇವೆ.

ಹಾಗಾದರೆ ಸಿಡುಕುವ ಹುಡುಗರೆಲ್ಲ ಖಿನ್ನರೇ ಅಂತ ನೀವು ಕೇಳಬಹುದು, ನಾನೂ ಡಾಕ್ಟರನ್ನು ಅದನ್ನೇ ಕೇಳಿದೆ. ಮನೆಯಲ್ಲಿ ಮುಖ ಗಂಟು ಹಾಕಿಕೊಂಡು, ಗೆಳೆಯರು ಬಂದ ಕೂಡಲೇ ಹಾರಿಕೊಂಡು ಆಟಕ್ಕೆ ಹೋಗುವವನು ಬೇರೆ ಅಂದರು. ಎರಡು ವಾರ ದಾಟಿದ ಮೇಲೂ, ದಿನದ ಹೆಚ್ಚು ಹೊತ್ತು, ಮನೆ ಶಾಲೆ ಮೈದಾನ ಅಂತ ಎಲ್ಲ ಕಡೆ ಹಾಗೇ ಇದ್ದರೆ, ಮೊದಲು ಯಾವುದು ಇಷ್ಟವಿತ್ತೋ ಅದೇ ಬೇಡವಾಗಿದ್ದರೆ, ಆಗ ತೋರಿಸಬೇಕು.

ನನ್ನ ಮಗನಿಗೆ ಇಷ್ಟವಿದ್ದದ್ದು ಕ್ರಿಕೆಟ್. 2018ರ ಜೂನ್‌ನಲ್ಲಿ, ಹತ್ತನೇ ಕ್ಲಾಸ್ ಶುರುವಾದ ಹೊಸತರಲ್ಲಿ, ಅವನು ತನ್ನ ಬ್ಯಾಟನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟುಬಿಟ್ಟ. ಮಾರಲಿಲ್ಲ, ಹಾಗೇ ಕೊಟ್ಟ. ನಾನು ಏನಂದೆ ಗೊತ್ತಾ? "ಒಳ್ಳೆಯದಾಯಿತು, ಎಸ್ಸೆಸ್ಸೆಲ್ಸಿ ವರ್ಷ, ಬುದ್ಧಿ ಬಂತು." ತನಗೆ ಪ್ರೀತಿಯ ವಸ್ತುಗಳನ್ನು ಒಬ್ಬೊಬ್ಬರಿಗೆ ಕೊಟ್ಟುಬಿಡುವುದು ಎಂಥ ಅಪಾಯದ ಸೂಚನೆ ಅಂತ ನನಗೆ ಆಮೇಲೆ ಗೊತ್ತಾಯಿತು.

ಹೆಂಡತಿ ಅಷ್ಟರಲ್ಲಿ ದೇವಸ್ಥಾನದಿಂದ ದಾರ ತಂದು ಕಟ್ಟಿದ್ದಳು, ದೃಷ್ಟಿ ತೆಗೆದಿದ್ದಳು, ಯಾರೋ ಹೇಳಿದರು ಅಂತ ಇಪ್ಪತ್ತು ಮೈಲಿ ದೂರದ ಒಬ್ಬರ ಹತ್ತಿರ ಹೋಗಿ ತಾಯತ ತಂದಿದ್ದಳು. ನಾನು ಬಿಎಸ್ಸಿ ಓದಿದವನು, ನಕ್ಕೆ. ಈಗ ಯೋಚನೆ ಮಾಡಿದರೆ, ಅವಳು ಮಗನಿಗೆ ಏನೋ ಆಗಿದೆ ಅಂತ ನಂಬಿದ್ದಳು. ನಾನು ಅಷ್ಟನ್ನೂ ನಂಬಿರಲಿಲ್ಲ.

ಆಗಸ್ಟಿನ ಒಂದು ರಾತ್ರಿ ಮೂರು ಗಂಟೆಗೆ ಅವಳು ನೀರು ಕುಡಿಯಲು ಎದ್ದಾಗ ಅವನು ಹಾಲ್‌ನಲ್ಲಿ ಕತ್ತಲಲ್ಲೇ ಕೂತಿದ್ದ. ಯಾಕೋ ಮಗ ಅಂದಳು. "ನಾನಿಲ್ದಿದ್ರೆ ನಿಮಗೆಲ್ಲ ಆರಾಮಾಗಿರುತ್ತೆ ಅಲ್ವಾಮ್ಮ" ಅಂದನಂತೆ. ಬೆಳಗಾಗುವವರೆಗೂ ಅವಳು ಅವನ ಪಕ್ಕದಿಂದ ಏಳಲಿಲ್ಲ.

ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಅಲ್ಲಿನ ವೈದ್ಯಾಧಿಕಾರಿ ಅರ್ಧ ಗಂಟೆ ಅವನ ಜೊತೆ ಮಾತಾಡಿ, ಮನೆಯಲ್ಲಿ ಏನೇನು ಎಚ್ಚರ ವಹಿಸಬೇಕು ಅಂತ ನಮಗೆ ಹೇಳಿ, ನಾಳೆಯೇ ಮಂಗಳವಾರ, ಮನೋವೈದ್ಯರು ಬರುತ್ತಾರೆ, ತಪ್ಪದೆ ಕರೆತನ್ನಿ ಅಂದರು. ಮನೋಚೈತನ್ಯ ಅಂತ ಆರೋಗ್ಯ ಇಲಾಖೆಯ ಕಾರ್ಯಕ್ರಮ, ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದು ಉಚಿತವಾಗಿ ನೋಡುತ್ತಾರೆ. ಆ ಆಸ್ಪತ್ರೆಗೂ ನಾನು ಪಾಠ ಮಾಡುತ್ತಿದ್ದ ಶಾಲೆಗೂ ಅರ್ಧ ಕಿಲೋಮೀಟರ್. ನಾನು ದಿನಾ ಅದರ ಗೇಟಿನ ಮುಂದೆಯೇ ಸ್ಕೂಟರಿನಲ್ಲಿ ಹೋಗುತ್ತಿದ್ದೆ. ಮಂಗಳವಾರದ ವಿಷಯ ನನಗೆ ಗೊತ್ತಿರಲಿಲ್ಲ, ನಮ್ಮ ಹೆಡ್‌ಮಾಸ್ಟರಿಗೆ ಗೊತ್ತಿರಲಿಲ್ಲ, ನನ್ನ ಮಗನ ಶಾಲೆಯಲ್ಲೂ ಯಾರಿಗೂ ಗೊತ್ತಿರಲಿಲ್ಲ. ಸಚಿವರೇ, ಇದನ್ನು ದಯವಿಟ್ಟು ಇನ್ನೊಂದು ಸಲ ಓದಿ. ಇಡೀ ದೇಶದಲ್ಲಿ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಹಾಕಿಕೊಟ್ಟಿದ್ದು ನಮ್ಮ ಬಳ್ಳಾರಿ, ಅಲ್ಲಿ ನಿಮ್ಹಾನ್ಸಿನವರು ಮಾಡಿ ತೋರಿಸಿದ ಕೆಲಸ. ಅಂಥ ರಾಜ್ಯದಲ್ಲಿ ಆಸ್ಪತ್ರೆಯ ಸುದ್ದಿ ಅರ್ಧ ಕಿಲೋಮೀಟರ್ ನಡೆದು ಶಾಲೆಗೆ ಬರಲಿಲ್ಲ.

ಆ ಮನೋವೈದ್ಯೆ ಮೊದಲು ನಮ್ಮಿಬ್ಬರನ್ನು ಹೊರಗೆ ಕಳಿಸಿದರು. ನನಗೆ ಸಿಟ್ಟು ಬಂತು, ಅಪ್ಪನನ್ನು ಹೊರಗೆ ಕಳಿಸುವುದಾ ಅಂತ. ಅವನಿಗೆ ಅವರು ನೇರವಾಗಿಯೇ ಕೇಳಿದ್ದರು: ಸಾಯಬೇಕು ಅನ್ನಿಸುತ್ತಾ, ಎಷ್ಟು ದಿನದಿಂದ, ಹೇಗೆ ಅಂತ ಏನಾದರೂ ಯೋಚಿಸಿದ್ದೀಯಾ. ಆಮೇಲೆ ನಮಗೆ ಇದನ್ನು ಹೇಳಿದಾಗ ನನ್ನ ಕೈ ನಡುಗಿತು. ಹಾಗೆಲ್ಲ ಕೇಳಿದರೆ ಇಲ್ಲದ ಯೋಚನೆ ಬರುವುದಿಲ್ವಾ ಮೇಡಂ ಅಂದೆ. ಕೇಳುವುದರಿಂದ ಬರುವುದಿಲ್ಲ, ಇದ್ದದ್ದು ಹೊರಗೆ ಬರುತ್ತೆ, ಎಷ್ಟೋ ಮಕ್ಕಳು ಯಾರಾದರೂ ಕೇಳಲಿ ಅಂತಲೇ ಕಾಯುತ್ತಿರುತ್ತಾರೆ ಅಂದರು. ತೋಟಕ್ಕೆ ಹೊಡೆಯುವ ಔಷಧಿ, ಮನೆಯಲ್ಲಿರುವ ಮಾತ್ರೆ, ಎಲ್ಲ ಬೀಗದೊಳಗೆ ಇಡಿ, ಕೆಲವು ವಾರ ಅವನನ್ನು ಒಬ್ಬನೇ ಬಿಡಬೇಡಿ, ಆದರೆ ಪೊಲೀಸರ ಹಾಗೆ ಕಾಯಬೇಡಿ ಅಂತಲೂ ಹೇಳಿದರು.

ರಕ್ತ ಪರೀಕ್ಷೆ ಮಾಡಿಸಿದರು, ಥೈರಾಯ್ಡ್, ಹಿಮೋಗ್ಲೋಬಿನ್, ಯಾಕೆಂದರೆ ಅವುಗಳ ಏರುಪೇರಿನಲ್ಲೂ ಮನುಷ್ಯ ಮಂಕಾಗಬಹುದು. ನಿಮ್ಮ ಮನೆತನದಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ ಅಂತ ಕೇಳಿದರು. ಇಲ್ಲ ಅಂದೆ. ರಾತ್ರಿ ಮಲಗಿದಾಗ ನನ್ನ ಚಿಕ್ಕಪ್ಪ ನೆನಪಾದರು. ನಾನು ಚಿಕ್ಕವನಿದ್ದಾಗ ಒಂದು ಮಳೆಗಾಲ ಪೂರ್ತಿ ಅವರು ಒಳಗಿನ ಕೋಣೆಯಿಂದ ಹೊರಗೆ ಬಂದಿರಲಿಲ್ಲ, ಊರಿನವರಿಗೆ ಸೊಂಟ ನೋವು ಅಂತ ಹೇಳಿದ್ದೆವು. ನೋಡಿ, ನಮ್ಮ ಮನೆಯಲ್ಲಿ ಜಾಂಡೀಸ್ ಅನ್ನುವ ಅಭ್ಯಾಸ ಆಗಿನಿಂದಲೇ ಇತ್ತು.

ಚಿಕಿತ್ಸೆ ಬಗ್ಗೆ ಜನಕ್ಕೆ ಇರುವ ಭಯ ದೊಡ್ಡದು, ಅದಕ್ಕೇ ಬರೆಯುತ್ತೇನೆ. ಅವನಿಗೆ ಫ್ಲೂಆಕ್ಸೆಟಿನ್ ಅನ್ನುವ ಮಾತ್ರೆ ಕೊಟ್ಟರು, ಎರಡು ವಾರಕ್ಕೊಮ್ಮೆ ಆಪ್ತಸಮಾಲೋಚನೆಗೆ ತುಮಕೂರಿಗೆ ಕರೆದುಕೊಂಡು ಹೋಗುತ್ತಿದ್ದೆ. ಎಲ್ಲ ಮಕ್ಕಳಿಗೂ ಮಾತ್ರೆ ಬೇಕಾಗುವುದಿಲ್ಲ, ಕಡಿಮೆ ಇದ್ದರೆ ಮಾತುಕತೆಯ ಚಿಕಿತ್ಸೆಯೇ ಸಾಕಾಗಬಹುದು. ಇದು ನಿದ್ದೆ ಮಾತ್ರೆಯೂ ಅಲ್ಲ, ಚಟ ಹಿಡಿಸುವುದೂ ಇಲ್ಲ. ಶುರುವಿನ ಕೆಲವು ವಾರ ಕೆಲವು ಮಕ್ಕಳಿಗೆ ಚಡಪಡಿಕೆ, ಕೆಟ್ಟ ಯೋಚನೆ ಜಾಸ್ತಿಯಾಗಬಹುದು, ಆಗ ತುಂಬಾ ಗಮನ ಇಡಬೇಕು, ಹಾಗೇನಾದರೂ ಅನ್ನಿಸಿದರೆ ತಕ್ಷಣ ಡಾಕ್ಟರಿಗೆ ಹೇಳಬೇಕು, ನಾವೇ ನಿಲ್ಲಿಸಬಾರದು. ಗುಣ ಕಾಣಲು ನಾಲ್ಕು ವಾರವಾದರೂ ಬೇಕು. ಸಮಾಲೋಚಕರು ಹೇಳಿಕೊಟ್ಟದ್ದು ಮೊದಲು ನನಗೆ ಮಕ್ಕಳಾಟ ಅನ್ನಿಸಿತ್ತು: ಸಂಜೆ ಹತ್ತು ನಿಮಿಷ ತೋಟಕ್ಕೆ ಹೋಗಿ ನಾಯಿಗೆ ಅನ್ನ ಹಾಕಿ ಬಾ, ಮನಸ್ಸಿಲ್ಲದಿದ್ದರೂ ಹೋಗು, ಬಂದು ಪುಸ್ತಕದಲ್ಲಿ ಬರೆದಿಡು. ಮನಸ್ಸು ಬಂದ ಮೇಲೆ ಕೆಲಸ ಮಾಡೋಣ ಅಂತ ಕಾದರೆ ಆ ಕಾಯಿಲೆಯಲ್ಲಿ ಮನಸ್ಸು ಬರುವುದೇ ಇಲ್ಲವಂತೆ. ಐದನೇ ವಾರ ಅವನು ಹತ್ತು ನಿಮಿಷಕ್ಕೆ ಬದಲು ಒಂದು ಗಂಟೆ ಬಿಟ್ಟು ಬಂದ. ನಾವಿಬ್ಬರೂ ಗಾಬರಿಯಲ್ಲಿ ಗೇಟಿನ ಹತ್ತಿರ ನಿಂತಿದ್ದರೆ, ನಾಯಿ ಮರಿ ಹಾಕಿದೆ ಅಂತ ಹೇಳಿಕೊಂಡು ಬಂದ.

ಈಗ ಜಾಂಡೀಸ್.

ಡಾಕ್ಟರು ಆರು ವಾರ ರಜೆ ಬರೆದುಕೊಟ್ಟಿದ್ದರು. ಅದನ್ನು ಹಿಡಿದುಕೊಂಡು ಅವನ ಶಾಲೆಗೆ ಹೋದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು 75 ಪರ್ಸೆಂಟ್ ಹಾಜರಾತಿ ಬೇಕಲ್ಲ, ಅದರ ಮಾತುಕತೆಗೆ. ಮುಖ್ಯಸ್ಥರು ಚೀಟಿ ನೋಡಿದರು, ಮೇಲೆ ಮನೋವೈದ್ಯರ ಸೀಲು ನೋಡಿದರು, ಬಾಗಿಲು ಮುಂದಕ್ಕೆ ತಳ್ಳಿ ಬಂದು ಕೂತರು. "ಮೇಷ್ಟ್ರೇ, ಇದು ಫೈಲಿನಲ್ಲಿ ಇದ್ದರೆ ಹುಡುಗನ ಭವಿಷ್ಯಕ್ಕೆ ಕಷ್ಟ. ನಾಳೆ ಬೇರೆ ಪೇರೆಂಟ್ಸ್ ಕೇಳುತ್ತಾರೆ. ಬೇರೆ ಡಾಕ್ಟರ ಹತ್ತಿರ ಜಾಂಡೀಸ್ ಅಂತ ಬರೆಸಿಕೊಂಡು ಬನ್ನಿ." ಅವರು ಕೆಟ್ಟವರಲ್ಲ. ನಮಗೆ ಒಳ್ಳೆಯದಾಗಲಿ ಅಂತಲೇ ಹೇಳಿದರು, ಅದೇ ನನಗೆ ಇವತ್ತಿಗೂ ಬೇಜಾರು. ಪರಿಚಯದ ಡಾಕ್ಟರೊಬ್ಬರು ಬರೆದುಕೊಟ್ಟರು. ಕ್ಲಾಸಿನ ಹುಡುಗರು ಮನೆಗೆ ಕಬ್ಬಿನ ಹಾಲು ತಂದರು, ಜಾಂಡೀಸಿಗೆ ಒಳ್ಳೆಯದು ಅಂತ. ಅವರಲ್ಲಿ ಒಬ್ಬನ ಜೊತೆಗಾದರೂ ಅವನು ನಿಜ ಹೇಳಿಕೊಳ್ಳಬಹುದಿತ್ತು. ನಾವು ಹೇಳಬೇಡ ಅಂದಿದ್ದೆವು.

ಲೆಕ್ಕದ ಮೇಷ್ಟ್ರಲ್ವಾ, ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ನೂರಕ್ಕೆ 7.3 ಮಂದಿಗೆ ಯಾವುದಾದರೂ ಒಂದು ಮಾನಸಿಕ ತೊಂದರೆ ಇತ್ತು, ಖಿನ್ನತೆ ಅದರಲ್ಲಿ ಒಂದು. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಅದು ಹೆಚ್ಚುಕಡಿಮೆ ಮೂರು ಮಕ್ಕಳು. ಮೂವತ್ತೊಂದು ವರ್ಷಕ್ಕೆ, ವರ್ಷಕ್ಕೆ ಮೂರು ಸೆಕ್ಷನ್ ಅಂತ ಹಿಡಿದರೆ ನನ್ನ ಎದುರು ಎಷ್ಟು ಮಕ್ಕಳು ಕೂತು ಎದ್ದು ಹೋದರು, ನೀವೇ ಗುಣಿಸಿಕೊಳ್ಳಿ, ನಾನು ಒಂದು ಸಲ ಗುಣಿಸಿ ಪೆನ್ನು ಕೆಳಗಿಟ್ಟೆ. ಅವರಲ್ಲಿ ಎಷ್ಟು ಜನರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೋ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಅಂತ ಸರ್ಕಾರದ ಅಪರಾಧ ದಾಖಲೆ ಬ್ಯೂರೋ ಹೇಳುತ್ತದೆ. ಪರೀಕ್ಷೆಯೊಂದೇ ಇದಕ್ಕೆ ಕಾರಣ ಅಂತ ನಾನು ಹೇಳುವುದಿಲ್ಲ, ಒಂದು ಜೀವಕ್ಕೆ ಒಂದೇ ಕಾರಣ ಹಚ್ಚುವುದು ಟಿವಿಯವರ ಕೆಲಸ.

ಆದರೆ ಒತ್ತಡ ಹೇಗೆ ಇಳಿದು ಬರುತ್ತೆ ಅಂತ ನನಗೆ ಗೊತ್ತು, ಒಳಗೇ ಇದ್ದವನು. ಫಲಿತಾಂಶದ ದಿನ ಜಿಲ್ಲೆಗಳ ಸ್ಥಾನ ಪ್ರಕಟವಾಗುತ್ತೆ. ಜಿಲ್ಲೆ ಕೆಳಗೆ ಹೋದರೆ ಉಪನಿರ್ದೇಶಕರಿಗೆ ಬೈಗುಳ, ಅವರಿಂದ ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒಗೆ, ಬಿಇಒ ಸಭೆಯಲ್ಲಿ ಹೆಡ್‌ಮಾಸ್ಟರನ್ನು ಎಬ್ಬಿಸಿ ನಿಲ್ಲಿಸುತ್ತಾರೆ, ಹೆಡ್‌ಮಾಸ್ಟರ್ ನಮಗೆ ನೋಟಿಸ್ ಕೊಡುತ್ತಾರೆ, ನಾವು ಬಂದು ಮಗುವನ್ನು ನಿಲ್ಲಿಸುತ್ತೇವೆ. ಮಗುವಿಗೆ ನಿಲ್ಲಿಸಲು ಯಾರೂ ಇಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಮೂರು ಅವಕಾಶ ಸಿಗುವ ಹಾಗೆ ಪರೀಕ್ಷೆ 1, 2, 3 ಅಂತ ಮಾಡಿದಿರಿ, ಒಳ್ಳೆಯ ಕೆಲಸ, ನಾನು ಮನಸಾರೆ ಹೊಗಳುತ್ತೇನೆ. ಆದರೆ ಜಾಣರಿಗೆ ಒಂದು ಸೆಕ್ಷನ್, ದಡ್ಡರಿಗೆ ಒಂದು ಸೆಕ್ಷನ್ ಮಾಡುವುದು, ಅಸೆಂಬ್ಲಿಯಲ್ಲಿ ಮೈಕ್ ಹಿಡಿದು ಮಾರ್ಕ್ಸ್ ಓದುವುದು ಇನ್ನೂ ನಿಂತಿಲ್ಲ.

ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಕೊಟ್ಟ ತೀರ್ಪಿನಲ್ಲಿ ಇದನ್ನೆಲ್ಲ ಹೇಳಿಬಿಟ್ಟಿದೆ. ಆದಷ್ಟೂ ಅಂಕದ ಮೇಲೆ ಬ್ಯಾಚ್ ಬೇರೆ ಮಾಡಬಾರದು, ಎಲ್ಲರೆದುರು ಅವಮಾನ ಮಾಡಬಾರದು, ನೂರು ಅಥವಾ ಜಾಸ್ತಿ ವಿದ್ಯಾರ್ಥಿಗಳಿರುವ ಕಡೆ ತರಬೇತಿ ಪಡೆದ ಒಬ್ಬ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರಾದರೂ ಇರಬೇಕು, ಕಡಿಮೆ ಇದ್ದರೆ ಹೊರಗಿನವರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು, ಸಹಾಯವಾಣಿ ನಂಬರ್ ಎದ್ದು ಕಾಣುವ ಹಾಗೆ ಹಾಕಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಕೊಡಬೇಕು. ಸಚಿವರೇ, ನಮ್ಮ ತಾಲ್ಲೂಕಿನ ಎಷ್ಟು ಹೈಸ್ಕೂಲುಗಳಲ್ಲಿ ಆ ಹುದ್ದೆ ಇದೆ ಅಂತ ಒಂದು ಪಟ್ಟಿ ತರಿಸಿಕೊಳ್ಳಿ. ದಯವಿಟ್ಟು ಆ ಕೆಲಸವನ್ನು "ಒಬ್ಬ ಶಿಕ್ಷಕರನ್ನು ನಿಯೋಜಿಸುವುದು" ಅಂತ ಒಂದು ಸುತ್ತೋಲೆ ಹೊರಡಿಸಿ ಮುಗಿಸಬೇಡಿ. ಆ ಶಿಕ್ಷಕ ಆಗಲೇ ಬಿಸಿಯೂಟದ ಅಕ್ಕಿ ಲೆಕ್ಕ, ಮೊಟ್ಟೆ ಲೆಕ್ಕ, ಸ್ಯಾಟ್ಸ್ ಅನ್ನುವ ಆನ್‌ಲೈನ್ ದಾಖಲೆಗೆ ಮಕ್ಕಳ ವಿವರದ ಎಂಟ್ರಿ, ಬಿಎಲ್‌ಒ ಅಂತ ಮತದಾರರ ಪಟ್ಟಿಯ ಡ್ಯೂಟಿ, ಸಮೀಕ್ಷೆ ಎಲ್ಲ ಹೊತ್ತಿದ್ದಾನೆ. ಅವನಿಂದ ಬೇಕಾದ್ದು ಗುರುತಿಸುವುದು, ಕೂರಿಸಿ ಕೇಳುವುದು, ಮಂಗಳವಾರ ಎಲ್ಲಿಗೆ ಕಳಿಸಬೇಕು ಅಂತ ಗೊತ್ತಿರುವುದು. ಚಿಕಿತ್ಸೆ ಅವನ ಕೆಲಸ ಅಲ್ಲ.

ಹಣ ಬೇಡದ ಕೆಲಸಗಳೂ ಇವೆ. ಪ್ರತಿ ಶಾಲೆಯ ಗೋಡೆಗೆ, ಹಾಜರಾತಿ ಪುಸ್ತಕದ ಹಿಂದಿನ ರಟ್ಟಿಗೆ, 14416 ಅಂತ ಬರೆಸಿ. ಅದು ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾಗಿದ್ದು, ಇಪ್ಪತ್ನಾಲ್ಕು ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. 2018ರ ಆ ರಾತ್ರಿ ಮೂರು ಗಂಟೆಗೆ ನನ್ನ ಹೆಂಡತಿಗೆ ಅಂಥದ್ದೊಂದು ಇರಲಿಲ್ಲ. ಮಕ್ಕಳ ಸಹಾಯವಾಣಿ 1098 ಜೊತೆಗಿರಲಿ. ಹದಿಹರೆಯದವರಿಗೆ ಅಂತಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ, ಎಂಟನೇ ಕ್ಲಾಸಿಗೆ ಬಂದ ಮಕ್ಕಳನ್ನು ಒಂದು ದಿನ ಸಾಲಾಗಿ ಕರೆದುಕೊಂಡು ಹೋಗಿ ಬಾಗಿಲು ತೋರಿಸಿ ಬಂದರೆ ಅರ್ಧ ಭಯ ಹೋಗುತ್ತೆ.

ಇನ್ನು ನನ್ನ ಮುಖ್ಯ ಬೇಡಿಕೆ, ಇದಕ್ಕಾಗಿಯೇ ಈ ಪತ್ರ. ಮನೋವೈದ್ಯರು ಬರೆದ ರಜೆ ಚೀಟಿಗೆ ಟೈಫಾಯ್ಡ್ ಚೀಟಿಗೆ ಇರುವಷ್ಟೇ ಬೆಲೆ ಇದೆ, ಹಾಜರಾತಿ ಕೊರತೆ ಮನ್ನಾ ಮಾಡುವಾಗ ಅದನ್ನು ಒಪ್ಪಲೇಬೇಕು, ಬೇರೆ ಕಾಯಿಲೆ ಹೆಸರಲ್ಲಿ ತನ್ನಿ ಅನ್ನುವ ಹಾಗಿಲ್ಲ ಅಂತ ಒಂದು ಆದೇಶ ಹೊರಡಿಸಿ. ಹೆಸರು ಹೇಳಲೇಬೇಕು ಅಂತ ಯಾರನ್ನೂ ಒತ್ತಾಯಿಸಬೇಡಿ, 2017ರ ಮಾನಸಿಕ ಆರೋಗ್ಯ ಕಾಯ್ದೆ ಆ ಗುಟ್ಟನ್ನು ಕಾಪಾಡುವ ಹಕ್ಕು ಕೊಟ್ಟಿದೆ. ಚಿಕಿತ್ಸೆಯಲ್ಲಿದ್ದಾನೆ ಅಂತ ಅಷ್ಟೇ ಬರೆದಿದ್ದರೂ ನಡೆಯಬೇಕು. ಖಿನ್ನತೆ ಅಂತ ಬರೆದಿದ್ದರೂ ನಡೆಯಬೇಕು.

ನನ್ನ ಮಗ 2019ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ, 58 ಪರ್ಸೆಂಟ್. ಡಿಪ್ಲೊಮಾ ಮಾಡಿದ. 2021ರಲ್ಲಿ, ಲಾಕ್‌ಡೌನ್ ನಡುವೆ, ಮತ್ತೆ ಬಂತು. ಇದು ಕೆಲವರಿಗೆ ಮತ್ತೆ ಬರುವ ಕಾಯಿಲೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಸಲ ಅವನೇ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತು, "ಅಪ್ಪ, ಮತ್ತೆ ಶುರುವಾಗಿದೆ ಅನ್ಸುತ್ತೆ, ಮಂಗಳವಾರ ಹೋಗೋಣ್ವಾ" ಅಂದ. ಈಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರ್. ಭಾನುವಾರ ಮ್ಯಾಚ್ ಆಡುತ್ತಾನಂತೆ, ಹೊಸ ಬ್ಯಾಟ್ ಅವನೇ ತೆಗೆದುಕೊಂಡಿದ್ದಾನೆ.

ಈ ಪತ್ರವನ್ನು ಅವನಿಗೆ ವಾಟ್ಸಪ್‌ನಲ್ಲಿ ಕಳಿಸಿ, ಹಾಕಲಾ ಬೇಡವಾ ಅಂತ ಕೇಳಿದ್ದೆ. ಶಿಫ್ಟ್ ಮುಗಿಸಿ ರಾತ್ರಿ ಫೋನ್ ಮಾಡಿದ. "ಬ್ಯಾಟ್ ಕೊಟ್ಟಿದ್ದು ಜೂನ್‌ನಲ್ಲಿ ಅಲ್ಲಪ್ಪ, ಜುಲೈ. ಫಸ್ಟ್ ಟೆಸ್ಟ್ ಮುಗಿದ ದಿನ, ಸಂಜೆ. ಮಿಕ್ಕಿದ್ದು ಸರಿ ಇದೆ, ಹಾಕು" ಅಂದ. ಅವನಿಗೆ ದಿನ, ಹೊತ್ತು ಎಲ್ಲ ನೆನಪಿದೆ. ನನ್ನ ತಪ್ಪನ್ನು ತಿದ್ದದೆ ಹಾಗೇ ಬಿಟ್ಟಿದ್ದೇನೆ.

ಇಂತಿ,
ಒಬ್ಬ ನಿವೃತ್ತ ಗಣಿತ ಮೇಷ್ಟ್ರು
ತುಮಕೂರು ಜಿಲ್ಲೆ